ಪ್ಲೈವುಡ್ ದೋಣಿ ತಳಕ್ಕೆ ಶೀಟ್ ಬೇಡ

ಹಾರಂಗಿ ಹಿನ್ನೀರಿನ ದಡಕ್ಕೆ ಎಳೆದು ಎಳೆದು ದೋಣಿ ತಳ ಸವೀತಿದೆ, ಅಲ್ಯೂಮಿನಿಯಂ ಶೀಟ್ ಹೊಡೆಸ್ಲಾ ಅಂತ ಕೇಳಿದ್ದೀರಲ್ಲ, ದಯವಿಟ್ಟು ಇಡೀ ತಳಕ್ಕೆ ಹೊಡೆಸ್ಬೇಡಿ. ಶೀಟಿಗೂ ಮರಕ್ಕೂ ಮಧ್ಯೆ ಸೇರಿದ ನೀರು ಆಚೆ ಬರಲ್ಲ, ಮೊಳೆ ತೂತಿಂದ ಒಳಗಿಳಿದು ಪ್ಲೈ ಪದರ ಬಿಟ್ಕೊಳ್ಳುತ್ತೆ, ನಮ್ಮ ಕೊಡಗಿನ ಮಳೆಗಾಲದಲ್ಲಂತೂ ಒಣಗೋ ಮಾತೇ ಇಲ್ಲ.

ಫೆಬ್ರವರಿ ಮಾರ್ಚ್ ಬಿಸಿಲಲ್ಲಿ ಹಳೇ ಬಣ್ಣ ಕೆರೆದು ಮರ ಪೂರ್ತಿ ಒಣಗಿಸಿ, ಆಮೇಲೆ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗೋ) ಫೈಬರ್‌ಗ್ಲಾಸ್ ಬಟ್ಟೆ ಹಾಸಿ ಎಪಾಕ್ಸಿ, ಅಂದ್ರೆ ಎರಡು ಭಾಗ ಬೆರೆಸಿದ್ರೆ ಗಟ್ಟಿಯಾಗೋ ಅಂಟು, ಕುಡಿಸಿ. ಬಟ್ಟೆ ಬಿಳುಪು ಹೋಗಿ ಕೆಳಗಿನ ಮರದ ಗೆರೆ ಕಾಣಿಸ್ಬೇಕು, ಎಲ್ಲಾದ್ರೂ ಬೆಳ್ಳಗೆ ಉಳಿದ್ರೆ ಅಲ್ಲಿ ಎಪಾಕ್ಸಿ ಸಾಲ್ದು ಅಂತ ಅರ್ಥ. ಅಗ್ಗ ಅಂತ ಎಪಾಕ್ಸಿ ಬದಲು ಪಾಲಿಯೆಸ್ಟರ್ ರೆಸಿನ್ ತಗೋಬೇಡಿ, ಮರಕ್ಕೆ ಅಷ್ಟು ಗಟ್ಟಿಯಾಗಿ ಹಿಡಿಯಲ್ಲ, ಸಿಪ್ಪೆ ಥರ ಏಳುತ್ತೆ. ದೋಣಿ ಮೂತಿ ಹತ್ರ ಬಟ್ಟೆ ಎರಡು ಮೂರು ಪದರ ಹಾಕಿ, ಕೊನೇ ಸಲ ಬಳಿಯೋ ಎಪಾಕ್ಸಿಗೆ ಗ್ರಾಫೈಟ್ ಪುಡಿ ಬೆರೆಸಿದ್ರೆ ದಡದಲ್ಲಿ ಸಲೀಸಾಗಿ ಜಾರುತ್ತೆ.

ಕಲ್ಲಿನ ಪೆಟ್ಟು ತಿನ್ನೋಕೆ ಉದ್ದಕ್ಕೆ ಎರಡು ಗಟ್ಟಿಮರದ ಪಟ್ಟಿ ಕೂರಿಸಿ, ಸವೆದಾಗ ಬದಲಿಸ್ಬಹುದು. ಸ್ಕ್ರೂ ತೂತು ಮಾತ್ರ ಮೊದಲು ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ್ಮೇಲೆ ಅದರ ನಡುವೆ ಸಣ್ಣ ತೂತು ಹಾಕಿ, ಆಗ ಸ್ಕ್ರೂ ಸಡಿಲ ಆದ್ರೂ ಪ್ಲೈಗೆ ನೀರು ತಾಗಲ್ಲ.