ಜೀವಿಗೊಂದು ಫೋಲ್ಡರ್ ಬೇಡ, ತಂತ್ರಕ್ಕೊಂದು ಕಾರ್ಡ್ ಮಾಡಿ

ನಿಮ್ಮ ಪ್ರಶ್ನೆ ಇದು: ಜೀವಪ್ರೇರಿತ ವಿನ್ಯಾಸದ, ಅಂದರೆ ಜೀವಿಗಳ ತಂತ್ರಗಳನ್ನು ನೋಡಿ ವಸ್ತುಗಳನ್ನು ರೂಪಿಸುವ, ತಂಡದಲ್ಲಿ ಆರು ಜನ ಇದ್ದೀರಿ. ಇಬ್ಬರು ಜೀವವಿಜ್ಞಾನದವರು, ಉಳಿದವರು ಡಿಸೈನ್ ಮತ್ತು ಮೆಕ್ಯಾನಿಕಲ್ ಕಡೆಯವರು. ಡ್ರೈವ್‌ನಲ್ಲಿ ತಾವರೆ, ಹಲ್ಲಿ, ಶಾರ್ಕ್, ಗೆದ್ದಲು ಅಂತ ಫೋಲ್ಡರ್ ಮಾಡಿ ಸಂಶೋಧನಾ ಪೇಪರ್ ತುಂಬಿದ್ದೀರಿ. ಚರ್ಚೆಗೆ ಕೂತಾಗ ಮಾತ್ರ ಬೇಕಾದದ್ದು ಕೈಗೆ ಸಿಗುತ್ತಿಲ್ಲ, ಅದಕ್ಕೆ ಯಾವ ಆ್ಯಪ್ ಒಳ್ಳೆಯದು ಅಂತ ಕೇಳಿದ್ದೀರಿ. ಆ್ಯಪ್ ಬದಲಾಯಿಸಿದರೂ ಈ ತೊಂದರೆ ಹೋಗುವುದಿಲ್ಲ. ಅದು ಇರುವುದು ವಿಂಗಡಿಸಿದ ರೀತಿಯಲ್ಲಿ.

ಡಿಸೈನರ್ ಹುಡುಕುವುದು ಒಂದು ಕೆಲಸವನ್ನು: ‘ನೀರಿನ ಹನಿ ನಿಲ್ಲದೆ ಉರುಳಬೇಕು’, ‘ಗಟ್ಟಿಯಾಗಿ ಹಿಡಿಯಬೇಕು, ಆದರೆ ಸುಲಭವಾಗಿ ಬಿಡಬೇಕು’. ಹಲ್ಲಿಯ ಪಾದವೊಂದರಲ್ಲೇ ಹಿಡಿಯುವುದು, ಬಿಡಿಸಿಕೊಳ್ಳುವುದು, ಮೆತ್ತಿದ ದೂಳನ್ನು ತಾನೇ ಕಳೆದುಕೊಳ್ಳುವುದು ಅಂತ ಮೂರು ಬೇರೆ ಬೇರೆ ತಂತ್ರಗಳಿವೆ. ‘ಹಲ್ಲಿ’ ಫೋಲ್ಡರಿನಲ್ಲಿ ಮೂರೂ ಕಲಸಿಹೋಗುತ್ತವೆ. ಹಾಗಾಗಿ ಒಂದು ತಂತ್ರಕ್ಕೆ ಒಂದು ಕಾರ್ಡ್ ಮಾಡಿ. ಒಂದು ಪೇಪರಿನಿಂದ ಎರಡು ಮೂರು ಕಾರ್ಡ್ ಹುಟ್ಟಬಹುದು, ಒಂದು ಕಾರ್ಡಿನ ಕೆಳಗೆ ಐದು ಪೇಪರ್ ಬರಬಹುದು. ಎರಡೂ ಸರಿಯೇ.

ಇದಕ್ಕೆ ಎರಡು ಜಾಗ ಸಾಕು. ಪೇಪರ್‌ಗಳು ಝೋಟೆರೊ ಎಂಬ, ಪೇಪರ್‌ಗಳನ್ನು ಜೋಡಿಸಿಡುವ ತಂತ್ರಾಂಶದ ಗ್ರೂಪ್ ಲೈಬ್ರರಿಯಲ್ಲಿರಲಿ. ಅದು ಉಚಿತ, ಆದರೆ ಫೈಲ್ ಇಡಲು ಸಿಗುವ ಉಚಿತ ಜಾಗ 300 ಎಂಬಿ ಮಾತ್ರ. ಆದ್ದರಿಂದ ನಿಜವಾಗಿ ಓದಿದ ಪೇಪರಿನ ಪಿಡಿಎಫ್ ಮಾತ್ರ ಹಾಕಿ, ಉಳಿದವಕ್ಕೆ ಡಿಒಐ, ಅಂದರೆ ಪೇಪರಿನ ಶಾಶ್ವತ ಗುರುತಿನ ಸಂಖ್ಯೆ, ಸಾಕು. ಗ್ರೂಪ್ ಖಾಸಗಿಯಾಗಿರಲಿ. ಯಾರು ಬೇಕಾದರೂ ಸೇರಬಹುದಾದ ತೆರೆದ ಗ್ರೂಪಿನಲ್ಲಿ ಫೈಲ್ ಹಂಚಿಕೊಳ್ಳಲು ಅದು ಬಿಡುವುದೂ ಇಲ್ಲ. ಕಾರ್ಡ್‌ಗಳಿಗೆ ಎಲ್ಲರೂ ತಿದ್ದಬಹುದಾದ ಒಂದೇ ಒಂದು ಶೀಟ್, ಸಾಲಿಗೊಂದು ಕಾರ್ಡ್. ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಇವೆರಡರಲ್ಲಿ ಒಂದಕ್ಕೆ ಸೇರುವವರೆಗೆ ಲೆಕ್ಕಕ್ಕಿಲ್ಲ ಅಂತ ಮೊದಲೇ ಒಪ್ಪಿಕೊಂಡುಬಿಡಿ.

ಶೀಟಿನಲ್ಲಿ ಬೇಕಾದ ಕಾಲಂಗಳು ಇವು. ಮೊದಲನೆಯದು ಕೆಲಸ, ಅದೂ ಕ್ರಿಯಾಪದ ಇರುವ ಒಂದು ಪೂರ್ತಿ ವಾಕ್ಯದಲ್ಲಿ. ಎರಡನೆಯದು ಜೀವಿ, ವೈಜ್ಞಾನಿಕ ಹೆಸರಿನ ಸಮೇತ. ಮೂರನೆಯದು ತಂತ್ರ: ಮೂರು ವಾಕ್ಯ, ಅದಕ್ಕಿಂತ ಉದ್ದ ಬೇಡ. ನಾಲ್ಕನೆಯದು ಅಳತೆ, ಏಕಮಾನದೊಂದಿಗೆ. ಐದನೆಯದು ಷರತ್ತು, ಅಂದರೆ ಯಾವ ಪರಿಸ್ಥಿತಿಯಲ್ಲಿ ಮಾತ್ರ ಇದು ನಡೆಯುತ್ತದೆ ಅನ್ನುವುದು. ಆರನೆಯದು ಪುರಾವೆಯ ಬಗೆ. ಏಳನೆಯದು ಮೂಲ: ಡಿಒಐ ಜೊತೆಗೆ ಪುಟ ಅಥವಾ ಚಿತ್ರದ ಸಂಖ್ಯೆ. ಎಂಟನೆಯದು ಓದಿದವರ ಹೆಸರು, ಪೂರ್ತಿ ಓದಿದ್ದೋ ಸಾರಾಂಶ ಮಾತ್ರವೋ ಎಂಬುದರ ಜೊತೆಗೆ. ಕೊನೆಯದು ತಂಡದ ಊಹೆ. ಈ ಕೊನೆಯ ಕಾಲಂಗೆ ಬೇರೆ ಬಣ್ಣ ಕೊಡಿ. ‘ಇದನ್ನು ಪೈಪಿನೊಳಗೂ ಬಳಸಬಹುದೇನೋ’ ಅಂತ ಯಾರೋ ಬರೆದದ್ದು ತಿಂಗಳು ಕಳೆಯುವಷ್ಟರಲ್ಲಿ ‘ಪೈಪಿನೊಳಗೆ ಕೆಲಸ ಮಾಡುತ್ತದೆ’ ಅಂತಾಗಿ ಸ್ಲೈಡಿಗೆ ಏರಿರುತ್ತದೆ. ಇಂಥ ತಂಡಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ತಪ್ಪಿಲ್ಲ.

ಜನ ಖಾಲಿ ಬಿಡುವುದು ಷರತ್ತನ್ನು. ಅದೇ ದುಬಾರಿಯಾಗುವುದು. ಹಲ್ಲಿಯ ಪಾದದ ಕೂದಲಿನ ಬಗ್ಗೆ 2000ರಲ್ಲಿ ಕೆಲರ್ ಆಟಮ್ ಮತ್ತು ಸಂಗಡಿಗರು ಪ್ರಕಟಿಸಿದ ಅಳತೆಗಳನ್ನು ನೋಡಿ. ಸುಮಾರು 110 ಮೈಕ್ರೋಮೀಟರ್ ಉದ್ದದ ಆ ಕೂದಲನ್ನು ಸುಮ್ಮನೆ ತಾಗಿಸಿದರೆ ಹಿಡಿತ ಬರುವುದಿಲ್ಲ. ಮೊದಲು ಸ್ವಲ್ಪ ಒತ್ತಬೇಕು, ಆಮೇಲೆ ಮೇಲ್ಮೈಗೆ ಸಮಾನಾಂತರವಾಗಿ ಸುಮಾರು 5 ಮೈಕ್ರೋಮೀಟರ್ ಎಳೆಯಬೇಕು. ಕೂದಲು ಮೇಲ್ಮೈಯೊಂದಿಗೆ ಮಾಡುವ ಕೋನ ಸುಮಾರು 30 ಡಿಗ್ರಿ ದಾಟಿದರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಕಾರ್ಡಿನಲ್ಲಿ ‘ಸೂಕ್ಷ್ಮ ಕೂದಲಿನಿಂದ ಅಂಟುತ್ತದೆ’ ಅಂತಷ್ಟೇ ಇದ್ದರೆ ಎಂಜಿನಿಯರ್ ಕೂದಲಿನ ಹಾಳೆ ಮಾಡಿ, ನೇರ ಒತ್ತಿ, ‘ಅಂಟಲಿಲ್ಲ’ ಅಂತ ಬದಿಗಿಡುತ್ತಾರೆ. ತಂತ್ರದ ಅರ್ಧ ಭಾಗ ಚಲನೆಯಲ್ಲಿತ್ತು, ಅದು ಕಾರ್ಡಿಗೆ ಬಂದಿರಲಿಲ್ಲ.

ಪುರಾವೆಯ ಬಗೆಗೆ ಐದು ಪದ ಸಾಕು: ಜೀವಿ, ಭಾಗ, ಮಾದರಿ, ಲೆಕ್ಕ, ಊಹೆ. ಬದುಕಿರುವ ಜೀವಿಯಲ್ಲೇ ಅಳೆದದ್ದು, ಕತ್ತರಿಸಿ ತೆಗೆದ ಭಾಗದಲ್ಲಿ ಅಳೆದದ್ದು, ಕೃತಕ ಪ್ರತಿಕೃತಿಯಲ್ಲಿ ಅಳೆದದ್ದು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದು, ಆಕಾರ ನೋಡಿ ಅಂದಾಜಿಸಿದ್ದು. ಡ್ರಾಪ್‌ಡೌನ್ ಹಾಕಿಬಿಡಿ, ಇಲ್ಲದಿದ್ದರೆ ಆರು ಜನ ಆರು ರೀತಿ ಬರೆಯುತ್ತಾರೆ.

ಹಂಪ್‌ಬ್ಯಾಕ್ ತಿಮಿಂಗಿಲದ ಕಾರ್ಡ್ ತುಂಬಿಸಿದರೆ ಹೇಗಿರುತ್ತದೆ ನೋಡಿ. ಕೆಲಸ: ರೆಕ್ಕೆಯ ಕೋನ ಹೆಚ್ಚಿದಾಗ ಎತ್ತುವ ಬಲ ಕುಸಿಯುವುದನ್ನು, ಅಂದರೆ ಸ್ಟಾಲ್ ಆಗುವುದನ್ನು, ಮುಂದೂಡುತ್ತದೆ. ಜೀವಿ: ಮೆಗಾಪ್ಟೆರಾ ನೊವಾಯಾಂಗ್ಲಿಯೆ. ತಂತ್ರ: ಈಜುರೆಕ್ಕೆಯ ಮುಂಅಂಚಿನಲ್ಲಿ ಗುಬುಟುಗಳ ಸಾಲು. ಅಳತೆ: 2004ರ ಗಾಳಿಸುರಂಗ ಪ್ರಯೋಗದಲ್ಲಿ ಸ್ಟಾಲ್ ಕೋನ ಸುಮಾರು 40 ಶೇಕಡಾ ಮುಂದಕ್ಕೆ ಹೋಯಿತು. ಷರತ್ತು: ರೇನಾಲ್ಡ್ಸ್ ಸಂಖ್ಯೆ (ಹರಿವಿನ ವೇಗ, ರೆಕ್ಕೆಯ ಗಾತ್ರ, ದ್ರವ ಅಥವಾ ಗಾಳಿಯ ಸ್ನಿಗ್ಧತೆ ಸೇರಿ ಬರುವ ಅಂಕಿ) ಸುಮಾರು 5 ಲಕ್ಷ, ಒಂದು ತುದಿ ತೆರೆದಿರುವ, ಚೂಪಾಗುತ್ತ ಹೋಗುವ ರೆಕ್ಕೆ. ಪುರಾವೆ: ಮಾದರಿ. ಇಲ್ಲಿಗೇ ನಿಲ್ಲಿಸಬೇಡಿ, ಅದೇ ಕಾರ್ಡಿನಲ್ಲಿ ವಿರುದ್ಧ ಸಾಕ್ಷ್ಯವೂ ಬರಲಿ: 2007ರಲ್ಲಿ ಉದ್ದಕ್ಕೂ ಒಂದೇ ಅಡ್ಡಕೊಯ್ತದ ರೆಕ್ಕೆಯ ಮೇಲೆ, ಇನ್ನೂ ಕಡಿಮೆ ರೇನಾಲ್ಡ್ಸ್ ಸಂಖ್ಯೆಯಲ್ಲಿ ಪರೀಕ್ಷಿಸಿದಾಗ ಸ್ಟಾಲ್‌ಗೆ ಮುಂಚಿನ ಸಾಮರ್ಥ್ಯ ತಗ್ಗಿತು. ಸ್ಟಾಲ್ ನಂತರ ಮಾತ್ರ ಲಾಭ ಕಂಡಿತು. ಫ್ಯಾನ್ ಬ್ಲೇಡ್ ಮಾಡಲು ಹೊರಟವರಿಗೆ 40 ಶೇಕಡಾ ಅನ್ನುವ ಅಂಕಿಗಿಂತ ಈ ಎರಡು ಫಲಿತಾಂಶಗಳ ನಡುವಿನ ವ್ಯತ್ಯಾಸ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ವೈಜ್ಞಾನಿಕ ಹೆಸರು ಬರೆಯಲು ಡಿಸೈನರ್‌ಗಳು ಗೊಣಗುತ್ತಾರೆ. ನಮೀಬ್ ಮರುಭೂಮಿಯ ಜೀರುಂಡೆಯ ಕತೆ ಹೇಳಿ. ಬೆನ್ನಿನ ಗುಬುಟುಗಳು ನೀರನ್ನು ಹಿಡಿಯುತ್ತವೆ, ನಡುವಿನ ಮೇಣದ ತಗ್ಗುಗಳು ಹರಿಸುತ್ತವೆ ಅಂತ 2001ರಲ್ಲಿ ಬಂದ ಪೇಪರಿನಲ್ಲಿ ಜೀವಿಯ ಹೆಸರು ಸ್ಟೆನೊಕಾರಾ. ಆದರೆ ತಲೆ ತಗ್ಗಿಸಿ ನಿಂತು ಮಂಜಿನಿಂದ ನೀರು ಹಿಡಿಯುತ್ತದೆಂದು 1976ರಲ್ಲೇ ವರದಿಯಾಗಿದ್ದು ಒನಿಮಾಕ್ರಿಸ್ ಉಂಗ್ವಿಕ್ಯುಲಾರಿಸ್ ಎಂಬ ಬೇರೆಯದೇ ಜೀರುಂಡೆ. 2010ರಲ್ಲಿ ನಾಲ್ಕು ಜಾತಿಗಳನ್ನು ಹೋಲಿಸಿದಾಗಲೂ ಆ ಭಂಗಿಗೆ ತಾನಾಗಿ ಬಂದದ್ದು ಅದೊಂದೇ. ಗುಬುಟಿನ ಮೇಲ್ಮೈಯಿಂದ ಪ್ರೇರಿತವಾದ ಕೃತಕ ಹಾಳೆ ನೀರು ಹಿಡಿಯಬಹುದು, ಅದು ಬೇರೆ ಮಾತು. ‘ಈ ಜೀವಿ ಹೀಗೇ ಬದುಕುತ್ತದೆ’ ಅಂತ ಹೇಳಲು ಮಾತ್ರ ಆಗುವುದಿಲ್ಲ. ಗೆದ್ದಲು ಹುತ್ತದ್ದೂ ಇದೇ ಪಾಡು. ಹುತ್ತದ ಗಾಳಿಯಾಟದಿಂದ ಪ್ರೇರಿತವಾದ, ಜಿಂಬಾಬ್ವೆಯ ಹರಾರೆಯಲ್ಲಿರುವ ಈಸ್ಟ್‌ಗೇಟ್ ಕಟ್ಟಡ 1996ರಲ್ಲಿ ತೆರೆಯಿತು, ಇವತ್ತಿಗೂ ಎಲ್ಲರ ಸ್ಲೈಡಿನಲ್ಲೂ ಇರುತ್ತದೆ. ಹುತ್ತದೊಳಗೆ ಬಿಸಿಗಾಳಿ ಮೇಲೇರಿ ನಿರಂತರ ಸುತ್ತುತ್ತದೆ ಎಂಬ ಹಳೆಯ ವಿವರಣೆಯನ್ನು ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ 2008ರಲ್ಲಿ ಪ್ರಶ್ನಿಸಿದರು. ಕಟ್ಟಡದ ಯಶಸ್ಸು ಜೀವವಿಜ್ಞಾನದ ಹೇಳಿಕೆಗೆ ಪುರಾವೆಯಲ್ಲ. ಜನಪ್ರಿಯ ಲೇಖನದಿಂದ ಬಂದ ಕಾರ್ಡ್‌ಗಳಿಗೆ ‘ಕಚ್ಚಾ’ ಅಂತ ಗುರುತು ಹಾಕಿ, ಮೂಲ ಪೇಪರ್ ಓದುವವರೆಗೆ ಚರ್ಚೆಗೆ ತರಬೇಡಿ.

ಚಿತ್ರಗಳ ಬಗ್ಗೆ ಚಿಕ್ಕ ಮಾತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಫೋಟೊವನ್ನು ಕ್ರಾಪ್ ಮಾಡುವಾಗ ಮೂಲೆಯ ಅಳತೆಪಟ್ಟಿ ಕತ್ತರಿಸಿ ಹೋಗುತ್ತದೆ. ಅದಿಲ್ಲದ ಫೋಟೊ ನೋಡಿದವರಿಗೆ ತಾವರೆ ಎಲೆಯ ಉಬ್ಬು 10 ಮೈಕ್ರೋಮೀಟರೋ 1 ಮಿಲಿಮೀಟರೋ ತಿಳಿಯುವುದಿಲ್ಲ. ಗಾತ್ರ ಬದಲಾದರೆ ತಂತ್ರವೇ ಕೈಕೊಡಬಹುದು. ಶಾರ್ಕ್ ಚರ್ಮದಂಥ ತೋಡುಗಳ ಅಂತರ ಹರಿವಿನ ವೇಗಕ್ಕೆ ಹೊಂದಿರಬೇಕು, ತೀರಾ ಅಗಲವಾದರೆ ಎಳೆತ ಇಳಿಯುವ ಬದಲು ಏರುತ್ತದೆ.

ಕಾರ್ಡ್ ಹುಡುಕಲು ಹಾಕುವ ಟ್ಯಾಗ್‌ಗಳನ್ನು ಮೂವತ್ತರೊಳಗೆ ಇಟ್ಟುಕೊಳ್ಳಿ. ಹೊಸದನ್ನು ಸೇರಿಸುವ ಅಧಿಕಾರ ಒಬ್ಬರಿಗೇ ಇರಲಿ. ಸೊನ್ನೆಯಿಂದ ಪಟ್ಟಿ ಮಾಡಬೇಕಿಲ್ಲ: ಬಯೋಮಿಮಿಕ್ರಿ ಇನ್‌ಸ್ಟಿಟ್ಯೂಟ್ 2008ರಲ್ಲಿ ಶುರುಮಾಡಿದ ಆಸ್ಕ್‌ನೇಚರ್ ಎಂಬ ಜಾಲತಾಣದಲ್ಲಿ ಜೀವಿಗಳ ತಂತ್ರಗಳನ್ನು ಕೆಲಸದ ಪ್ರಕಾರವೇ ಜೋಡಿಸಿದ್ದಾರೆ, ನಿಮಗೆ ಬೇಕಾದಷ್ಟನ್ನು ಅಲ್ಲಿಂದ ಎತ್ತಿಕೊಳ್ಳಿ. ಪಕ್ಕದಲ್ಲಿ ಒಂದು ಪರ್ಯಾಯ ಪದಗಳ ಹಾಳೆ ಇರಲಿ. ಎಂಜಿನಿಯರ್ ‘ಘರ್ಷಣೆ ಕಡಿಮೆ ಮಾಡುವುದು’ ಅಂತ ಹುಡುಕಿದರೆ, ಮೂಳೆಸಂದಿನ ಮೇಲೆ ಕೆಲಸ ಮಾಡುವವರು ಅದನ್ನೇ ಸಂದುದ್ರವದ ಜಾರುಗುಣ ಅಂತ ಬರೆದಿರುತ್ತಾರೆ.

ಸಭೆ ವಾರಕ್ಕೊಮ್ಮೆ 45 ನಿಮಿಷ, ಮೂರು ಕಾರ್ಡ್, ಅಷ್ಟೇ. ಓದಿದವರು ಐದು ನಿಮಿಷ ಹೇಳಲಿ. ಆಮೇಲೆ ಬೇರೆ ವಿಭಾಗದ ಒಬ್ಬರು ಜೀವಿಯ ಹೆಸರು ಎತ್ತದೆ, ಬರಿಯ ಬಾಣ ಮತ್ತು ಚೌಕಗಳಲ್ಲಿ ತಂತ್ರವನ್ನು ಬೋರ್ಡಿನ ಮೇಲೆ ಬರೆದು ತೋರಿಸಲಿ. ಓದಿದವರು ‘ಹಾಗಲ್ಲ’ ಅಂದ ಕಡೆ ಕಾರ್ಡ್ ತಿದ್ದಬೇಕು. ಜೀವವಿಜ್ಞಾನದವರನ್ನು ಬರೀ ಮಾಹಿತಿ ಹುಡುಕಿಕೊಡುವ ಕೌಂಟರಿನಂತೆ ಬಳಸುವ ತಂಡಗಳಲ್ಲಿ ಈ ‘ಹಾಗಲ್ಲ’ ಬರುವುದೇ ಇಲ್ಲ. ಆ ಇಬ್ಬರೂ ಡಿಸೈನ್ ತೀರ್ಮಾನದ ಸಭೆಯಲ್ಲೂ ಕೂರಲಿ.

ಮುಂದಕ್ಕೆ ಹೋಗುವ ಮೂರು ನಾಲ್ಕು ಕಾರ್ಡ್‌ಗಳಿಗೆ ಮಾತ್ರ ವಿವರವಾದ ವಿಶ್ಲೇಷಣೆ ಮಾಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಮರೇಶ್ ಚಕ್ರಬರ್ತಿ ಮತ್ತು ಸಂಗಡಿಗರು 2005ರಲ್ಲಿ ಕೊಟ್ಟ ಸಫೈರ್ ಮಾದರಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ: ಭಾಗಗಳು, ಹೊರಗಿನಿಂದ ಬರುವ ಇನ್‌ಪುಟ್, ಭೌತಿಕ ವಿದ್ಯಮಾನ, ಸ್ಥಿತಿಯ ಬದಲಾವಣೆ ಹೀಗೆ ಏಳು ಅಂಶಗಳಾಗಿ ಬಿಡಿಸಿ ಬರೆಯುವುದು. ಎಲ್ಲ ಕಾರ್ಡಿಗೂ ಇದನ್ನು ಮಾಡಹೊರಟರೆ ಶೀಟ್ ತುಂಬುವ ಉತ್ಸಾಹ ಎರಡೇ ವಾರದಲ್ಲಿ ಸಾಯುತ್ತದೆ.

ಕೈಬಿಟ್ಟ ಕಾರ್ಡ್ ಅಳಿಸಬೇಡಿ. ಕಾರಣವನ್ನು ಒಂದು ಸಾಲಿನಲ್ಲಿ ಬರೆದಿಡಿ: ‘ನಮ್ಮ ದ್ರವ ಎಣ್ಣೆ, ತಾವರೆಯ ತಂತ್ರ ನೀರಿಗೆ’ ಅಂತ. ಮುಂದಿನ ಪ್ರಾಜೆಕ್ಟಿನ ದ್ರವ ನೀರೇ ಆಗಿರಬಹುದು.

ಈಗಿರುವ ಪೇಪರ್ ರಾಶಿಯನ್ನು ಪೂರ್ತಿ ಕಾರ್ಡ್ ಮಾಡಲು ಕೂರಬೇಡಿ. ಸದ್ಯದ ಪ್ರಾಜೆಕ್ಟಿಗೆ ಬೇಕಾದ ಎರಡು ಕೆಲಸಗಳನ್ನು ಬರೆದುಕೊಂಡು ಅವಕ್ಕೆ ಹೊಂದುವ ಹತ್ತು ಪೇಪರ್ ಆರಿಸಿ, ಅಷ್ಟಕ್ಕೇ ಕಾರ್ಡ್ ಮಾಡಿ. ಉಳಿದವು ಝೋಟೆರೊದಲ್ಲಿ ಹಾಗೇ ಇರಲಿ, ಬೇಕಾದ ದಿನ ತೆಗೆದರಾಯಿತು.