ಬೇಳೆ ಬೇಯದ ಸಂಜೆ

ಆ ಮನೆಯಲ್ಲಿ ಸಾರಿನ ಬೇಳೆಗೆ ಕುಕ್ಕರ್ ನಾಲ್ಕು ಸಲ ಕೂಗಬೇಕು. ತಾಯಿ ನಡುಮನೆಯಲ್ಲಿ ಬಟ್ಟೆ ಮಡಚುತ್ತ ಎಣಿಸಿದರು, ನಾಲ್ಕಾದ ಮೇಲೆ ಎದ್ದು ಹೋಗಿ ಒಲೆ ಆರಿಸಿದರು. ಮುಚ್ಚಳ ತೆಗೆದರೆ ಬೇಳೆ ಕಾಳುಕಾಳಾಗಿಯೇ ಇತ್ತು. ನಾಲ್ಕು ಕೂಗುಗಳಲ್ಲಿ ಎರಡು ಬಂದದ್ದು ಅಡುಗೆಮನೆಯಿಂದಲ್ಲ, ಮಗಳು ಪಿಟೀಲು ಅಭ್ಯಾಸ ಮಾಡುತ್ತಿದ್ದ ಕೋಣೆಯಿಂದ. ಬಾಗಿಲು ತಳ್ಳಿ ನೋಡಿದರೆ ಪಿಟೀಲು ಪೆಟ್ಟಿಗೆಯಲ್ಲಿತ್ತು, ಹುಡುಗಿ ಮಂಚದ ಮೇಲೆ ಬೋರಲಾಗಿ ಮಲಗಿ ಚಿತ್ರ ಬಿಡಿಸುತ್ತಿದ್ದಳು, ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠ, ಹಳೆಯ ಮೊಬೈಲ್‌ಗೆ ಜೋಡಿಸಿದ ಪುಟ್ಟ ಸ್ಪೀಕರಿನಿಂದ ಬರುತ್ತಿತ್ತು. ತನ್ನದೇ ಅಭ್ಯಾಸವನ್ನು ಒಂದು ದಿನ ಧ್ವನಿಮುದ್ರಿಸಿಕೊಂಡು ಮೂರು ವಾರದಿಂದ ಅದನ್ನೇ ಹಾಕುತ್ತಿದ್ದಳು. ಹಿನ್ನೆಲೆಯ ಕುಕ್ಕರ್ ಕೂಡ ಅದರಲ್ಲಿ ಸೇರಿಕೊಂಡಿರುವುದು ಅವಳ ಗಮನಕ್ಕೆ ಬಂದಿರಲಿಲ್ಲ. ಅಕ್ಷರಶಃ ಬೇಳೆ ಬೇಯಲಿಲ್ಲ.

"ಸುಳ್ಳು ಹೇಳುವುದನ್ನು ಕಲಿತಿದ್ದಾಳೆ ಮೇಡಂ" ಎಂದು ತಾಯಿ ಅವಳನ್ನು ಮೈಸೂರಿನ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಕರೆತಂದರು. ಹುಡುಗಿಗೆ 11 ವರ್ಷ, ಪಿಟೀಲಿಗೆ ಮೂರನೆಯ ವರ್ಷ, ಮುಂದೆ ಸಂಗೀತದ ಜೂನಿಯರ್ ಪರೀಕ್ಷೆ. ತಾಯಿ ಚಿಕ್ಕಂದಿನಲ್ಲಿ ಹಾಡುಗಾರಿಕೆ ಕಲಿತು ಅರ್ಧಕ್ಕೆ ಬಿಟ್ಟವರು. ಮನೆಯಲ್ಲಿ ಅಜ್ಜಿ, ಅಂದರೆ ತಂದೆಯ ತಾಯಿ ಇದ್ದಾರೆ. ಗುರುತು ಸಿಗುವಂತಹ ಉಳಿದ ವಿವರಗಳನ್ನು ಬಿಟ್ಟಿದ್ದೇನೆ. ಬರೆಯಲು ಅವರೆಲ್ಲರ ಒಪ್ಪಿಗೆಯಿದೆ, ಹುಡುಗಿಯದೂ ಸೇರಿ.

ಸಂಗೀತದ ಜಗಳ ಹೊತ್ತು ಬರುವ ಮನೆಗಳು ನನಗೆ ಹೊಸತಲ್ಲ. ವೀಣೆ, ಕೊಳಲು, ಹಾಡುಗಾರಿಕೆ, ಯಾವುದಾದರೂ ದೂರು ಒಂದೇ: "ತರಗತಿಗೆ ಹೋಗುತ್ತಾಳೆ, ಮನೆಯಲ್ಲಿ ಮುಟ್ಟುವುದಿಲ್ಲ." ಈ ಪ್ರಕರಣವನ್ನೇ ಆರಿಸಿಕೊಂಡು ಬರೆಯುತ್ತಿರುವುದಕ್ಕೆ ಕಾರಣ, ಮೊದಲ ಎರಡು ಭೇಟಿಗಳನ್ನು ನಾನೇ ಹಾಳುಮಾಡಿದೆ. ತಾಯಿ 'ಸುಳ್ಳು' ಎಂದರು, ನಾನೂ ಸುಳ್ಳಿನ ಹಿಂದೆ ಹೋದೆ. ನಂಬಿಕೆ, ಪ್ರಾಮಾಣಿಕತೆ ಎಂದೆಲ್ಲ ಮಾತನಾಡಿದೆ. ಹುಡುಗಿ ನನ್ನ ಮೇಜಿನ ಮೇಲಿದ್ದ ಕ್ಯಾಲೆಂಡರ್ ನೋಡುತ್ತ ಕುಳಿತಿದ್ದಳು.

ಮೂರನೆಯ ಭೇಟಿಗೆ ಆ ಧ್ವನಿಮುದ್ರಿಕೆಯನ್ನೇ ತರಲು ಹೇಳಿದೆ. ಚಿಕಿತ್ಸಾ ತಂತ್ರವೇನೂ ಅಲ್ಲ, ಕುಕ್ಕರಿನ ಕೂಗು ಕೇಳುವ ಕುತೂಹಲ. ತಾಯಿಯನ್ನು ಹೊರಗೆ ಕೂರಿಸಿ ಇಬ್ಬರೂ ಕೇಳಿದೆವು. ಸರಳೆ, ಅದರ ಮುಂದಿನ ಸ್ವರಪಾಠಗಳಾದ ಜಂಟಿ, ಒಂದು ಅಲಂಕಾರ. ಎರಡು ಕೂಗು ಬಂದಾಗ ನಾನು ನಕ್ಕೆ, ಅವಳೂ ಮೊದಲ ಸಲ ನಕ್ಕಳು.

ಆಮೇಲೆ ಅವಳೇ ಹೇಳಿದಳು: "ಅಮ್ಮ ಇದಕ್ಕೂ ಕೂಗುತ್ತಿದ್ದಳು ಆಂಟಿ. ದಿನವೂ ಇದೇ ಜಾಗದಲ್ಲಿ, ಧೈವತ ಏರಿತು, ಸರಿಮಾಡಿಕೋ ಎಂದು. ಧೈವತ ಎಂದರೆ ಸರಿಗಮಪದನಿಯ ದ. ಮೊಬೈಲ್ ಹೇಗೆ ಸರಿಮಾಡಿಕೊಳ್ಳುತ್ತದೆ?"

"ನೀನು ನಿಜವಾಗಿ ನುಡಿಸುವಾಗ?"

"ಆಗಲೂ ಅಷ್ಟೇ ಕೂಗುತ್ತಾಳೆ. ಎರಡಕ್ಕೂ ಒಂದೇ ಎಂದ ಮೇಲೆ ನಾನೇ ಏಕೆ ನುಡಿಸಬೇಕು?"

ನನ್ನ ಬಳಿ ಉತ್ತರವಿರಲಿಲ್ಲ. ಆ ಗಲಿಬಿಲಿಯಲ್ಲಿ ಮೊಬೈಲ್ ನಿಲ್ಲಿಸುವುದನ್ನು ಮರೆತೆ. ಸುಮಾರು 18ನೆಯ ನಿಮಿಷಕ್ಕೆ ಅವಳು ಸಟ್ಟನೆ ಕೈ ಚಾಚಿದಳು. "ಅಲ್ಲಿಂದ ಮುಂದೆ ಪಾಠವಲ್ಲ" ಎಂದಳು. ಮನೆಯಲ್ಲಿ ಅಲ್ಲಿಗೆ ಬಂದೊಡನೆ ಮೊದಲಿಗೆ ಎಳೆದು ಮತ್ತೆ ಹಾಕುತ್ತಿದ್ದಳಂತೆ. ಮುಂದಿನದನ್ನು ಕೇಳಬಹುದೇ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ ಕೈ ಹಿಂದೆಗೆದಳು.

ಮುಂದಿನ 20 ನಿಮಿಷ ಬೇರೆಯೇ ಹುಡುಗಿ. ಕಮಾನು ತಡವರಿಸುತ್ತ ಒಂದು ಸಾಲನ್ನು ಹುಡುಕುತ್ತಿತ್ತು. ದೂರದಲ್ಲಿ ಅಜ್ಜಿಯ ದನಿ, ಅದೇ ಸಾಲು: ಅವರು ದಿನವೂ ದೇವರ ಮುಂದೆ ಹಾಡುವ ಮೋಹನ ರಾಗದ ದೇವರನಾಮ. ಪಿಟೀಲು ತಪ್ಪಿದಾಗಲೆಲ್ಲ ಅಜ್ಜಿ 'ತಪ್ಪು' ಎನ್ನಲಿಲ್ಲ. ಸಾಲನ್ನು ಇನ್ನೊಮ್ಮೆ ಹಾಡಿದರು, ಅಷ್ಟೇ. ತಾಯಿ ಬ್ಯಾಂಕಿಗೆ ಹೋಗಿದ್ದ ಮಧ್ಯಾಹ್ನವದು, ಕುಕ್ಕರ್ ಅಜ್ಜಿ ಇಟ್ಟದ್ದು. ಒಂಬತ್ತೋ ಹತ್ತೋ ಪ್ರಯತ್ನದ ಮೇಲೆ ಪಲ್ಲವಿ ಪೂರ್ತಿ ಬಂತು. ಹುಡುಗಿ ಅದನ್ನು ಆರು ಸಲ ನುಡಿಸಿದಳು. ಯಾರೂ ಹೇಳಿರಲಿಲ್ಲ.

ಪಿಟೀಲು ಬಲ್ಲ ಗೆಳತಿಯೊಬ್ಬರಿಗೆ ಇದನ್ನು ವಿವರಿಸಿದಾಗ ಅವರು ಹೇಳಿದ ಮಾತು ನನಗೆ ದಾರಿ ತೋರಿಸಿತು. ಮಾಯಾಮಾಳವಗೌಳದ ಎರಡು ಅರ್ಧಗಳಿಗೂ, ಅಂದರೆ ಸರಿಗಮಕ್ಕೂ ಪದನಿಸಕ್ಕೂ, ಒಂದೇ ಅಳತೆ. ಷಡ್ಜಕ್ಕೆ (ಸ) ರಿಷಭ (ರಿ) ಎಷ್ಟು ಹತ್ತಿರವೋ ಪಂಚಮಕ್ಕೆ (ಪ) ಧೈವತವೂ ಅಷ್ಟೇ ಹತ್ತಿರ. ಹೀಗಾಗಿ ಷಡ್ಜದ ತಂತಿಯಲ್ಲಿ ಕೂಡಿಸಿದ ಬೆರಳುಗಳು ಪಂಚಮದ ತಂತಿಯಲ್ಲೂ ಹಾಗೆಯೇ ಕೂರುತ್ತವೆ. ಮೋಹನಕ್ಕೆ ರಿಷಭವೂ ಧೈವತವೂ ಮೇಲೆ ಸರಿಯಬೇಕು, ಮಧ್ಯಮ (ಮ), ನಿಷಾದ (ನಿ) ಇಲ್ಲವೇ ಇಲ್ಲ. ಹುಡುಗಿ ಮೊದಲು ರಿಷಭ ಸರಿಸಿದಳು, ನಾಲ್ಕಾರು ಸಲದ ಮೇಲೆ ಧೈವತವನ್ನೂ ಅದೇ ಅಳತೆಗೆ ಸರಿಸಿದಳು. ಸರಳೆ ಕೈಗೆ ಕೂರದೆ ಹೋಗಿದ್ದರೆ ಇದು ಸಾಧ್ಯವಿರಲಿಲ್ಲ. ಪಾಠ ತಪ್ಪಿಸಿದ ಹುಡುಗಿ ಮಾಡಿದ್ದು ಪಾಠದ ಫಲವನ್ನು ಉಣ್ಣುವ ಕೆಲಸ. ಸರಳೆಯಲ್ಲಿ ಅವಳ ಧೈವತ ಏರುತ್ತಿದ್ದುದಕ್ಕೂ ಅಜ್ಜಿಯ ಮೋಹನಕ್ಕೂ ನಂಟಿದೆಯೇ ಎಂಬುದನ್ನು ಸಂಗೀತಗಾರರಿಗೇ ಬಿಡುತ್ತೇನೆ.

ತಾಯಿಗೆ ಕೇಳಿಸಲು ಒಪ್ಪಿಗೆ ಬೇಡಿದೆ. "ಅಜ್ಜಿಯ ದನಿ ಇದೆಯಲ್ಲ, ಅಜ್ಜಿಯನ್ನು ಕೇಳಿ" ಎಂದಳು ಹುಡುಗಿ. ಅಜ್ಜಿ ಫೋನಿನಲ್ಲಿ ನಾಚಿ ಒಪ್ಪಿದರು. ತಾಯಿ ಪೂರ್ತಿ ಕೇಳಿ, "ಮೂರು ವಾರ ಮೊದಲ ಅರ್ಧ ದಿನವೂ ಕೇಳಿಸಿಕೊಂಡೆ ಮೇಡಂ, ದಿನವೂ ಒಂದೇ ಎಂದು ತಿಳಿಯಲಿಲ್ಲ" ಎಂದರು. ನಾನು ಹೇಳಬೇಕಾದುದನ್ನು ಅವರೇ ಹೇಳಿಬಿಟ್ಟರು. ನಾವು ಮಕ್ಕಳ ಅಭ್ಯಾಸವನ್ನು ಗಡಿಯಾರದಿಂದ ಅಳೆಯುತ್ತೇವೆ. ಕೋಣೆಯಿಂದ ಸದ್ದು ಬರುತ್ತಿದ್ದರೆ ಸಾಕು.

ನಾನು ಕೊಟ್ಟ ಸಲಹೆ ಇಷ್ಟು. ಮನೆಯಲ್ಲಿ ತಾಯಿ ತಿದ್ದಕೂಡದು, ತಿದ್ದುವುದು ಗುರುಗಳ ಕೆಲಸ. ಬಾಯಿ ತಡೆಯದಿದ್ದರೆ ಅಜ್ಜಿಯಂತೆ ಹಾಡಿ ತೋರಿಸಬಹುದು. ಒಂದು ಗಂಟೆಯ ಲೆಕ್ಕ ಬೇಡ. 20 ನಿಮಿಷ ಪಾಠ, ಅದೂ 'ಇವತ್ತು ಈ ಅಲಂಕಾರ ಒಂದನೆಯ ಕಾಲದಲ್ಲಿ, ಅಂದರೆ ನಿಧಾನಗತಿಯಲ್ಲಿ, ಕೆಡದೆ ಬರಲಿ' ಎಂಬಷ್ಟು ಸಣ್ಣ ಗುರಿಯೊಂದಿಗೆ. ಆಮೇಲೆ ಅವಳಿಗೆ ಬೇಕಾದುದನ್ನು ಹುಡುಕಲು ಬಿಡಿ, ಎಷ್ಟು ಹೊತ್ತಾದರೂ. ಧ್ವನಿಮುದ್ರಣ ಮುಂದುವರಿಯಲಿ, ಆದರೆ ಕೇಳುವವಳು ಅವಳು. ವಾರಕ್ಕೊಮ್ಮೆ ತನ್ನದನ್ನು ತಾನೇ ಕೇಳಿ ಎಲ್ಲಿ ಸರಿಯಿಲ್ಲ ಎಂದು ತಾನೇ ಹೇಳಲಿ. ಗಣೇಶೋತ್ಸವದಲ್ಲಿ ಒಂಟಿಕೊಪ್ಪಲಿನ ಎಂಟನೆಯ ಕ್ರಾಸಿನ ಕಛೇರಿಗಳಿಗೆ ಕರೆದೊಯ್ಯಿರಿ, ಅಂಚಿನ ಕುರ್ಚಿಯಲ್ಲಿ ಕೂರಿಸಿ, ಸಾಕೆಂದಾಗ ಎದ್ದು ಬನ್ನಿ. ದಾರಿಯಲ್ಲಿ "ಅದು ಯಾವ ರಾಗ ಹೇಳು" ಎಂದು ಪರೀಕ್ಷೆ ಮಾಡಬೇಡಿ. ನೆಂಟರ ಮುಂದೆ ನುಡಿಸು ಎನ್ನಬೇಡಿ. ಜೂನಿಯರ್ ಪರೀಕ್ಷೆ ಒಂದು ವರ್ಷ ಮುಂದೆ ಹೋಗಲಿ.

ಇದಕ್ಕೆಲ್ಲ ತಂದೆ ಕೆರಳಿದರು. "ಚೌಡಯ್ಯನವರು ದಿನಕ್ಕೆ 20 ನಿಮಿಷ ನುಡಿಸಿದ್ದರೆ ಏಳು ತಂತಿಯ ಪಿಟೀಲು ಹುಟ್ಟುತ್ತಿತ್ತೇ?" ಎಂದರು. ಈ ಪ್ರಶ್ನೆಯನ್ನು ನಾನು ಬೇರೆಬೇರೆ ಹೆಸರುಗಳೊಂದಿಗೆ ಎಷ್ಟು ಸಲ ಕೇಳಿದ್ದೇನೋ. ಏಳು ತಂತಿಯ ಪಿಟೀಲಿನಿಂದ ಹೆಸರಾದ ಮೈಸೂರಿನ ವಿದ್ವಾಂಸ ಚೌಡಯ್ಯನವರು ಗಾಯಕ ಬಿಡಾರಂ ಕೃಷ್ಣಪ್ಪನವರ ಬಳಿ ಗುರುಕುಲದಲ್ಲಿ ಕಲಿತವರು. ಗುರುವಿನ ಮನೆಯಲ್ಲಿದ್ದ ಹುಡುಗನ ಕಿವಿಗೆ ಗುರು ಹಾಡಿದ್ದೂ ಬೀಳುತ್ತದೆ, ಇತರ ಶಿಷ್ಯರು ತಪ್ಪಿದ್ದೂ ಬೀಳುತ್ತದೆ. ನಮ್ಮ ಮಗುವಿಗೆ ವಾರದಲ್ಲಿ ಎರಡು ದಿನ 45 ನಿಮಿಷ ಪಾಠ, ಉಳಿದ ದಿನ ಮುಚ್ಚಿದ ಕೋಣೆ. ಗುರುಕುಲದ ದುಡಿಮೆಯನ್ನು ಮಾತ್ರ ಉಳಿಸಿಕೊಂಡು ಅದರ ಕೇಳ್ಮೆಯನ್ನು ತೆಗೆದುಬಿಟ್ಟಿದ್ದೇವೆ. ಆಮೇಲೆ ಮಗುವಿಗೆ ಶ್ರದ್ಧೆಯಿಲ್ಲ ಎನ್ನುತ್ತೇವೆ.

ಅವಳ ಗುರುಗಳ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಅಡಿಪಾಯವಾಗದೆ ದೇವರನಾಮಕ್ಕೆ ಕೈ ಹಾಕಿದರೆ ಬೆರಳು ಕೆಡುತ್ತದೆ. ಅವರ ವಿದ್ಯೆಯ ಮುಂದೆ ನನ್ನದೇನೂ ಇಲ್ಲ. ಆದರೂ ಹೇಳಿದೆ: ಸರಳೆಯಿಂದ ಮೊದಲ್ಗೊಂಡ ಪಾಠಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರು ಎಂದು ನೀವೇ ಪಾಠ ಮಾಡುತ್ತೀರಿ. ಮನೆಮನೆಯಲ್ಲಿ ಹಾಡುವ ಪದಗಳನ್ನು ಕೊಟ್ಟವರೂ ಅವರೇ ಅಲ್ಲವೇ? ಅವರು ನಕ್ಕರು, ಒಪ್ಪಲಿಲ್ಲ. ತಿಂಗಳಿಗೊಮ್ಮೆ ಅವಳು ಹುಡುಕಿದ್ದನ್ನು ಕೇಳುವುದಾಗಿ ಮಾತ್ರ ಹೇಳಿದರು.

ನಾಲ್ಕು ತಿಂಗಳಾಗಿದೆ. ಹುಡುಗಿ ವಾರದಲ್ಲಿ ನಾಲ್ಕು ದಿನ ಪಿಟೀಲು ತೆಗೆಯುತ್ತಾಳೆ, ಎರಡು ದಿನ ನೆಪ ಹೇಳುತ್ತಾಳೆ. ತಾಯಿ ಈಗಲೂ ಒಮ್ಮೊಮ್ಮೆ "ಧೈವತ" ಎಂದು ಕೂಗಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಕಳೆದ ವಾರ ಫೋನ್ ಮಾಡಿದ್ದು ಹೊಸ ದೂರಿನೊಂದಿಗೆ. ಅತ್ತೆಯವರ ಶ್ರುತಿ ಕೆಳಗಿನದು. ಅವರ ಜೊತೆ ನುಡಿಸಲೆಂದು ಮೊಮ್ಮಗಳು ಪಿಟೀಲಿನ ಶ್ರುತಿಯನ್ನೇ ಇಳಿಸಿಕೊಂಡಿದ್ದಾಳೆ. ತಂತಿ ಸಡಿಲವಾಗಿ ನಾದ ಬರುವುದಿಲ್ಲ ಎಂದು ಗುರುಗಳು ಗದರಿದರಂತೆ. ಈಗ ಪಾಠದ ದಿನ ಏರಿಸಿಕೊಂಡು ಹೋಗುತ್ತಾಳೆ, ಮನೆಗೆ ಬಂದು ಮತ್ತೆ ಇಳಿಸುತ್ತಾಳೆ.