ಇಲಿಯನ್ನು ಅಂಗಳಕ್ಕೆ ಕರೆತಂದವರು ಯಾರು?

ಇಲಿಗಳಂಥ ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ಹಂಟಾ ವೈರಸ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ವಾದ ಸಂಕ್ಷೇಪದಲ್ಲಿ ಹೀಗಿದೆ: ಮಾರಕ ವೈರಸ್‌ಗಳು ಕಾಡಿನ ಇಲಿಗಳಲ್ಲಿವೆ, ಆದ್ದರಿಂದ ಕಾಡು, ಪೊದೆ, ಹುಲ್ಲುಗಾವಲುಗಳನ್ನು ತೆರವು ಮಾಡಿ ಸಾಗುವಳಿಗೆ ತಂದರೆ ರೋಗದ ತವರೇ ಇಲ್ಲವಾಗುತ್ತದೆ, ಉಳಿದ ಇಲಿಗಳಿಗೆ ವಿಷವಿಟ್ಟರೆ ಸಾಕು, ಅದನ್ನು ಬಿಟ್ಟು, ವರ್ಷಗಟ್ಟಲೆ ಇಲಿಗಳನ್ನು ಹಿಡಿದು ಎಣಿಸಿ ಬಿಡುವವರಿಗೆ ಸರ್ಕಾರಗಳು ಹಣ ಸುರಿಯುವುದೇಕೆ?

ಮಾನ್ಯರೆ, ನಿಮ್ಮ ಪತ್ರದಲ್ಲಿ ಮನುಷ್ಯರ ಪ್ರಾಣದ ಬಗ್ಗೆ ಇರುವ ಕಾಳಜಿ ನನ್ನನ್ನು ಮುಟ್ಟಿತು. ಇಷ್ಟು ನೇರವಾಗಿ ಪ್ರಶ್ನಿಸುವ ಓದುಗರು ಯಾವ ಪತ್ರಿಕೆಗೂ ಭಾಗ್ಯವೇ. ನಿಮ್ಮ ಮಾತಿನಲ್ಲಿ ನಿಜವೂ ಇದೆ. 1962ರಿಂದ 64ರವರೆಗೆ ಬೊಲಿವಿಯಾದ ಸಾನ್ ಹೊವಾಕಿನ್ ಎಂಬ ಪುಟ್ಟ ಊರಿನಲ್ಲಿ ರಕ್ತಸ್ರಾವದ ಜ್ವರ ಹಬ್ಬಿ ನೂರಕ್ಕೂ ಹೆಚ್ಚು ಜನ ಸತ್ತಾಗ, ಅಮೆರಿಕದ ವೈರಾಣುತಜ್ಞ ಕಾರ್ಲ್ ಜಾನ್ಸನ್ ಮತ್ತು ಸಂಗಡಿಗರು, ಹಂಟಾಕ್ಕಿಂತ ಬೇರೆ ಗುಂಪಿನದಾದರೂ ಇಲಿಗಳೇ ಹೊರುವ ಮಾಚುಪೊ ಎಂಬ ವೈರಸ್ಸನ್ನು ಕಂಡುಹಿಡಿದರು. ಮನೆಮನೆಯಲ್ಲೂ ಇಲಿಬೋನು ಇಟ್ಟ ಕೆಲವೇ ವಾರಗಳಲ್ಲಿ ಜ್ವರ ನಿಂತುಹೋಯಿತು. ಮನೆಯೊಳಗೆ ಬಂದ ಇಲಿಯನ್ನು ಹಿಡಿಯಲೇಬೇಕು; ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ನೀವು ಆ ಕಥೆಯನ್ನು ಕೊನೆಯ ಪುಟದಿಂದ ಓದುತ್ತಿದ್ದೀರಿ. ಆ ಇಲಿಗಳು ಮನೆಯೊಳಗೆ ಬಂದದ್ದು ಹೇಗೆ? ಅಲ್ಲಿನ ಜನ ಮೊದಲು ದೊಡ್ಡ ಹಿಡುವಳಿಗಳಲ್ಲಿ ದನ ಕಾಯುತ್ತಿದ್ದರು. 1952ರ ಕ್ರಾಂತಿಯ ನಂತರ ಆ ವ್ಯವಸ್ಥೆ ಕುಸಿದು, ಹೊಟ್ಟೆಪಾಡಿಗಾಗಿ ಅವರು ಹುಲ್ಲುಗಾವಲಿನ ನಡುವೆ ಬೇಸಾಯಕ್ಕೆ ಇಳಿದರು. ಹುಲ್ಲಿನಲ್ಲಿ ತನ್ನ ಪಾಡಿಗೆ ತಾನಿದ್ದ ಕಾಲೊಮಿಸ್ ಜಾತಿಯ ಇಲಿಗೆ ಕಾಳು, ಕಣಜ, ಬೆಚ್ಚನೆಯ ಗೋಡೆ ಎಲ್ಲವೂ ಒಂದೇ ಕಡೆ ದೊರೆತವು. ಸೊಳ್ಳೆಗಾಗಿ ಸಿಂಪಡಿಸಿದ ಡಿಡಿಟಿಯಿಂದ ಊರಿನ ಬೆಕ್ಕುಗಳು ಸತ್ತದ್ದೂ ಇದಕ್ಕೆ ನೆರವಾಯಿತೆಂದು ಅಂದು ತನಿಖೆ ಮಾಡಿದವರು ಭಾವಿಸಿದ್ದರು.

ಅರ್ಜೆಂಟೀನಾದ ಪಂಪಾಸ್ ಬಯಲಿನ ಕಥೆ ಇದಕ್ಕಿಂತ ದೊಡ್ಡದು, ಮತ್ತು ನಿಮ್ಮ ವಾದಕ್ಕೆ ಇದಕ್ಕಿಂತ ಪ್ರತಿಕೂಲವಾದುದು. ಅಲ್ಲಿ ನೀವು ಬಯಸಿದ್ದೇ ನಡೆಯಿತು: ಕಣ್ಣು ಹಾಯುವಷ್ಟು ದೂರದ ಹುಲ್ಲುಗಾವಲನ್ನು ಉತ್ತು ಧಾನ್ಯದ ಹೊಲ ಮಾಡಿದರು. ರೋಗ ಹೋಗಲಿಲ್ಲ, ಬಂತು. 1950ರ ದಶಕದಲ್ಲಿ ಮೆಕ್ಕೆಜೋಳದ ಕೊಯ್ಲಿಗೆ ಇಳಿದ ಆಳುಗಳು ಜ್ವರದಿಂದ ಮಲಗತೊಡಗಿದರು. 1958ರಲ್ಲಿ ಅದರ ಹಿಂದಿನ ಹುನಿನ್ ವೈರಸ್ಸನ್ನು ಬೇರ್ಪಡಿಸಲಾಯಿತು. ಆಗ ಸುಮಾರು 16,000 ಚದರ ಕಿಲೋಮೀಟರಿನಷ್ಟಿದ್ದ ರೋಗದ ಸೀಮೆ ಮುಂದಿನ ದಶಕಗಳಲ್ಲಿ ಸುಮಾರು 1,50,000 ಚದರ ಕಿಲೋಮೀಟರಿಗೆ ಹಿಗ್ಗಿತು. ಈ ವೈರಸ್ಸನ್ನು ಹೊತ್ತ ಕಾಲೊಮಿಸ್ ಮಸ್ಕ್ಯುಲಿನಸ್ ಎಂಬ ಇಲಿ ನಿಬಿಡವಾದ ಕಾಡಿನ ಪ್ರಾಣಿಯಲ್ಲ. ಬೇಲಿಸಾಲು, ಬದು, ದಾರಿಯಂಚಿನ ಕಳೆಗಳೇ ಅದರ ಮನೆ. ಉಳುಮೆಯ ಗದ್ದಲವನ್ನು ಬೇರೆ ಇಲಿಗಳು ತಾಳಲಾರದೆ ಹೋದಲ್ಲಿ ಇದು ತಾಳಿಕೊಂಡಿತು. ಹೊಲ ಹೆಚ್ಚಿದಷ್ಟೂ ಬದು ಹೆಚ್ಚಿತು, ಬದು ಹೆಚ್ಚಿದಷ್ಟೂ ಆ ಇಲಿಯ ಸಾಮ್ರಾಜ್ಯ ಬೆಳೆಯಿತು. ಕೊನೆಗೆ ಆ ಆಳುಗಳನ್ನು ಉಳಿಸಿದ್ದು ಕ್ಯಾಂಡಿಡ್-1 ಎಂಬ ಲಸಿಕೆಯೇ ಹೊರತು ವಿಷದ ಗುಳಿಗೆಯಲ್ಲ. ವೆನೆಜುವೆಲಾದಲ್ಲಿಯೂ 1989ರಲ್ಲಿ ಗ್ವಾನರಿಟೊ ವೈರಸ್ ಕಾಣಿಸಿಕೊಂಡದ್ದು ಕಾಡು ಕಡಿದು ಹೊಸದಾಗಿ ಬೇಸಾಯಕ್ಕೆ ತಂದ ನೆಲದಲ್ಲಿ. ಮೊದಲಿಗೆ ಅದನ್ನು ಡೆಂಗಿ ಎಂದೇ ತಿಳಿದಿದ್ದರು.

ನಿಮ್ಮ ಪತ್ರದಲ್ಲಿ ನನಗೆ ನೋವಾದ ಒಂದು ಸಂಗತಿಯಿದೆ. ನಾಲ್ಕು ಪುಟಗಳಲ್ಲಿ ಎಲ್ಲೆಲ್ಲೂ ‘ಇಲಿ’ ಎಂಬ ಒಂದೇ ಪದವಿದೆ. ಶಿಕ್ಷಕರಾಗಿದ್ದ ನೀವು ಹೀಗೆ ಮಾಡಬಾರದಿತ್ತು. ಭೂಮಿಯ ಸಸ್ತನಿ ಪ್ರಭೇದಗಳಲ್ಲಿ ನೂರಕ್ಕೆ ಸುಮಾರು ನಲವತ್ತು ದಂಶಕಗಳು, ಎಂದರೆ ಬಾಚಿಹಲ್ಲಿನಿಂದ ಕಡಿದು ತಿನ್ನುವ ಪ್ರಾಣಿಗಳು. ಅಳಿಲು, ಮುಳ್ಳುಹಂದಿಗಳೂ ಇದೇ ಬಳಗದವು. ಅವುಗಳಲ್ಲಿ ಬಹುಪಾಲು ಜನವಸತಿಯ ಹತ್ತಿರವೂ ಸುಳಿಯುವುದಿಲ್ಲ. ಹಂಟಾ ವೈರಸ್‌ಗಳಲ್ಲಿ ಒಂದೊಂದಕ್ಕೂ ಸಾಮಾನ್ಯವಾಗಿ ಒಂದೆರಡು ಜಾತಿಯ ಪ್ರಾಣಿಗಳೇ ಆಶ್ರಯ. ಸೋಂಕಿದ ಇಲಿ ತಾನು ಕಾಯಿಲೆ ಬೀಳದೆ ಬದುಕಿರುವಷ್ಟು ಕಾಲವೂ ವೈರಸ್ಸನ್ನು ಹೊತ್ತು, ಮೂತ್ರ, ಹಿಕ್ಕೆ, ಜೊಲ್ಲುಗಳಲ್ಲಿ ಹೊರಬಿಡುತ್ತದೆ. ಜಗಳದಲ್ಲಿ ಕಚ್ಚಿದಾಗ ತನ್ನದೇ ಜಾತಿಯ ಇನ್ನೊಂದಕ್ಕೆ ದಾಟಿಸುತ್ತದೆ. ಸುತ್ತ ಹತ್ತು ಜಾತಿಗಳಿದ್ದರೆ ಆಹಾರಕ್ಕೂ ಜಾಗಕ್ಕೂ ಪೈಪೋಟಿ ಇರುತ್ತದೆ, ಹಾವು ಗೂಬೆಗಳಿರುತ್ತವೆ, ಸೋಂಕಿದ ಇಲಿಗೆ ಸ್ವಜಾತಿಯ ಇಲಿ ಎದುರಾಗುವುದೂ ಕಡಿಮೆ. ಪೊದೆ ಸವರಿದಾಗ ಮೊದಲು ನಾಶವಾಗುವುದು ಆ ನಿರುಪದ್ರವಿ ನೆರೆಹೊರೆ. ಉಳಿಯುವುದು ಏನನ್ನಾದರೂ ತಿನ್ನುವ, ಬೇಗ ಬೇಗ ಮರಿಹಾಕುವ ಒಂದೆರಡು ಜಾತಿ, ಮತ್ತು ದುರದೃಷ್ಟವಶಾತ್ ವೈರಸ್ ಹೊರುವುದು ಎಷ್ಟೋ ಸಲ ಅದೇ ಜಾತಿ.

ಇದನ್ನು ಪನಾಮಾದಲ್ಲಿ ಪರೀಕ್ಷಿಸಿಯೂ ನೋಡಿದ್ದಾರೆ. ಕೆಲವು ತುಂಡು ನೆಲಗಳಿಂದ ವೈರಸ್ ಹೊರದ ಸಣ್ಣ ಸಸ್ತನಿಗಳನ್ನು ಮಾತ್ರ ಹಿಡಿದು ಸಾಗಿಸಿ, ಉಳಿದವನ್ನು ಹಾಗೆಯೇ ಬಿಟ್ಟರು. ಹಂಟಾ ವೈರಸ್ ಹೊರುವ ಇಲಿಗಳ ಸಂಖ್ಯೆಯೂ ಅವುಗಳಲ್ಲಿ ಸೋಂಕಿನ ಪ್ರಮಾಣವೂ ಅಲ್ಲಿ ಏರಿದವೆಂದು 2009ರಲ್ಲಿ ಪ್ರಕಟವಾದ ಆ ಪ್ರಬಂಧ ಹೇಳುತ್ತದೆ. 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಜಗತ್ತಿನ ಸುಮಾರು 7,000 ಜೀವಿಸಮುದಾಯಗಳ ಲೆಕ್ಕವನ್ನು ಒಟ್ಟುಗೂಡಿಸಿತು. ಮನುಷ್ಯರು ಹೆಚ್ಚು ಬಳಸುವ ನೆಲದಲ್ಲಿ, ನಮಗೆ ದಾಟಬಲ್ಲ ರೋಗಾಣುಗಳನ್ನು ಹೊತ್ತ ಪ್ರಾಣಿಗಳ ಪಾಲು ಪಕ್ಕದ ಅಡಚಣೆಯಿಲ್ಲದ ನೆಲಕ್ಕಿಂತ ಹೆಚ್ಚು ಎಂದು ತಿಳಿಯಿತು. ಈ ಒಲವು ಎದ್ದು ಕಂಡ ಗುಂಪುಗಳಲ್ಲಿ ದಂಶಕಗಳೂ ಇದ್ದವು.

ಈ ನಿಯಮ ಎಲ್ಲ ಕಡೆಗೂ ಹೊಂದುತ್ತದೆಂದು ನಾನು ಹೇಳಲಾರೆ. ಯುರೋಪಿನ ಪುಮಾಲಾ ಎಂಬ ಹಂಟಾ ವೈರಸ್ಸನ್ನು ಹೊರುವ ಪ್ರಾಣಿ ಕಾಡಿನದೇ, ಮತ್ತು ಬೀಚ್ ಮರಗಳು ಹೇರಳವಾಗಿ ಕಾಯಿ ಬಿಟ್ಟ ಮರುವರ್ಷ ಅಲ್ಲಿ ರೋಗ ಹೆಚ್ಚುವುದುಂಟು. ಆದರೆ ಅಷ್ಟನ್ನೇ ಹಿಡಿದುಕೊಂಡು ಕಾಡೆಲ್ಲ ರೋಗದ ಗೂಡು ಎನ್ನುವುದು, ಇಲಿಗೆ ಹೆದರಿ ಮನೆಗೆ ಬೆಂಕಿಯಿಟ್ಟಂತೆ.

ಕೆಲವು ವರ್ಷಗಳ ಹಿಂದೆ ಹಳೆಯ ಸಂಚಿಕೆಗಳನ್ನು ಕಟ್ಟಿಟ್ಟಿದ್ದ ಕೋಣೆಯನ್ನು ನಾನೇ ತೆರೆದೆ. ಕಟ್ಟುಗಳ ಮೇಲೆಲ್ಲ ಹಿಕ್ಕೆ. ಪೊರಕೆ ಹಿಡಿದು ಗುಡಿಸಿದೆ, ಕಿಟಕಿಯ ಬೆಳಕಿನಲ್ಲಿ ಧೂಳು ಏಳುವುದನ್ನು ನೋಡುತ್ತ ನಿಂತೆ. ಒಣಗಿದ ಮೂತ್ರ ಮತ್ತು ಹಿಕ್ಕೆ ಧೂಳಾಗಿ ಉಸಿರಿಗೆ ಸೇರುವುದೇ ಹಂಟಾ ವೈರಸ್‌ನ ಮುಖ್ಯ ದಾರಿ ಎಂಬುದನ್ನು ಓದಿದ್ದು ಆಮೇಲೆ, ಮತ್ತು ಅಂದು ರಾತ್ರಿ ನಿದ್ರೆ ಬರಲಿಲ್ಲ. ಅಂಥ ಕೋಣೆಯ ಕಿಟಕಿ ಬಾಗಿಲುಗಳನ್ನು ಅರ್ಧ ಗಂಟೆಯಾದರೂ ತೆರೆದಿಟ್ಟು ಹೊರಗಿರಬೇಕು, ಹಿಕ್ಕೆಯನ್ನು ಬ್ಲೀಚಿಂಗ್ ದ್ರಾವಣದಲ್ಲಿ ಚೆನ್ನಾಗಿ ನೆನೆಸಿ, ಕೈಗವಸು ತೊಟ್ಟು ಒರೆಸಿ ತೆಗೆಯಬೇಕು, ಒಣಗಿದ್ದನ್ನು ಗುಡಿಸಲೇಬಾರದು. ನೀವೂ ಪುಸ್ತಕಗಳನ್ನು ಅಟ್ಟದಲ್ಲಿ ತುಂಬಿಟ್ಟಿರುವುದಾಗಿ ಬರೆದಿದ್ದೀರಿ. ದಯವಿಟ್ಟು ಇದನ್ನು ನೆನಪಿಡಿ.

ಇನ್ನು ಇಲಿ ಎಣಿಸುವವರ ಸಂಬಳದ ಮಾತು. 1993ರಲ್ಲಿ ಅಮೆರಿಕದ ನೈಋತ್ಯ ಭಾಗದಲ್ಲಿ ಗಟ್ಟಿಮುಟ್ಟಾದ ಯುವಜನ ಉಸಿರುಕಟ್ಟಿ ಸಾಯತೊಡಗಿದಾಗ, ಅದರ ಹಿಂದಿದ್ದ ಹಂಟಾ ವೈರಸ್ ಹೊಸದೇ ಎಂಬ ಪ್ರಶ್ನೆ ಎದ್ದಿತು. ಉತ್ತರ ಸಿಕ್ಕಿದ್ದು ವಸ್ತುಸಂಗ್ರಹಾಲಯದ ಶೀತಲ ಪೆಟ್ಟಿಗೆಗಳಲ್ಲಿ. ಪ್ರಾಣಿಶಾಸ್ತ್ರಜ್ಞರು ಹಿಂದೆ ಹಿಡಿದು, ಸ್ಥಳ ಮತ್ತು ದಿನಾಂಕ ಬರೆದು ಜೋಪಾನ ಮಾಡಿದ್ದ ಇಲಿಗಳ ಅಂಗಾಂಶದಲ್ಲಿ ಅದೇ ವೈರಸ್ ಮೊದಲೇ ಇತ್ತು. ಮಳೆ ಹೆಚ್ಚಾಗಿ ಆಹಾರ ಸಮೃದ್ಧಿಯಾದದ್ದರಿಂದ ಆ ವರ್ಷ ಇಲಿಗಳು ಹಲವು ಪಟ್ಟು ಹೆಚ್ಚಿದ್ದವೆಂದು ತೋರಿಸಿದ್ದೂ, ಅದೇ ಪ್ರದೇಶದಲ್ಲಿ ವರ್ಷಗಳಿಂದ ಇಲಿ ಎಣಿಸುತ್ತಿದ್ದವರ ಪುಸ್ತಕಗಳೇ. ಅಲ್ಲಿ ಕಾರಣ ಮಳೆ, ಭೂಬಳಕೆಯಲ್ಲ. ಆದರೆ ಎಣಿಸಿದವರಿಲ್ಲದಿದ್ದರೆ ಇದನ್ನು ಕೂಡ ಯಾರೂ ಹೇಳುತ್ತಿರಲಿಲ್ಲ.

ಒಂದು ಹೆದ್ದಾರಿಗೋ ತೋಟಕ್ಕೋ ಸಾವಿರಾರು ಎಕರೆ ನೆಲ ಸವರುವ ಮುನ್ನ ಮರಗಳನ್ನು ಎಣಿಸುತ್ತಾರೆ, ಪರಿಹಾರ ಲೆಕ್ಕ ಹಾಕುತ್ತಾರೆ. ಅಲ್ಲಿನ ದಂಶಕಗಳು ಯಾವುವು, ಅವುಗಳ ರಕ್ತದಲ್ಲಿ ಸೋಂಕಿನ ಗುರುತಾದ ಯಾವ ಪ್ರತಿಕಾಯಗಳಿವೆ, ನೆಲ ಬದಲಾದ ಮೇಲೆ ಯಾವ ಜಾತಿ ಉಳಿದೀತು ಎಂದು ಕೇಳುವವರನ್ನು ನಾನು ಕಂಡದ್ದು ತೀರ ಅಪರೂಪ. ಕೊಯ್ಲಿನ ಆಳು ಜ್ವರದಿಂದ ಮಲಗಿದ ಮೇಲೆಯೇ ಲೆಕ್ಕ ಶುರುವಾಗುತ್ತದೆ, ಮತ್ತು ಅದನ್ನು ಮೊದಲು ಬರೆದುಕೊಳ್ಳಬೇಕಾದವರು ನೀವು ಸಂಬಳ ನಿಲ್ಲಿಸಬೇಕೆಂದಿರುವ ಆ ಜನ. ನಿಮ್ಮ ಪತ್ರದ ಆ ಒಂದು ಸಾಲನ್ನು ಹಿಂದಕ್ಕೆ ಪಡೆಯುವುದಾಗಿ ಬರೆದರೆ, ಅದನ್ನು ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇನೆ.